ಬೆಟ್ಟ ಹತ್ತುವಾಗ ದಮ್ಮು, ಇಳಿದ ಮೇಲೆ ನೋವು: ಮೈಗೆ ಶಕ್ತಿ ಬರುವುದು ಎಲ್ಲಿಂದ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇವೆ. ಮಳೆ ಬಿಟ್ಟು ಜನ ಗಿರಿ ಕಡೆ ಹೊರಟಿದ್ದಕ್ಕೋ ಏನೋ. ಮೊದಲನೆಯದಕ್ಕೆ ಉತ್ತರ ಉದ್ದ ಆಗಿದೆ. ಉಳಿದವಕ್ಕೆಲ್ಲ ಅದೇ ಬುಡ, ಹಾಗಾಗಿ ಅದನ್ನು ಬಿಟ್ಟು ಕೆಳಗೆ ಹಾರಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಊರಲ್ಲೇ ಅಂಗಡಿ ಇದೆ. ದಿನಾ ಬೆಳಿಗ್ಗೆ ಆಟದ ಮೈದಾನದಲ್ಲಿ ಮುಕ್ಕಾಲು ಗಂಟೆ ನಡೀತೀನಿ, ಸುಸ್ತು ಅನ್ನೋದೇ ಇಲ್ಲ. ಹೋದ ತಿಂಗಳು ಮನೆಯವರ ಜೊತೆ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದೆ. ಮೊದಲ ಐದು ನಿಮಿಷಕ್ಕೇ ದಮ್ಮು ಕಟ್ಟಿ ವಾಪಸ್ ಹೋಗೋಣ ಅನ್ನಿಸಿತು. ಆಮೇಲೆ ತಾನಾಗೇ ಸರಿಹೋಯ್ತು, ತುದಿವರೆಗೂ ಹೋದೆ. ಅಲ್ಲಿ ಆಮ್ಲಜನಕ ಕಮ್ಮಿ ಇರೋದಕ್ಕೆ ಹೀಗಾಗುತ್ತಾ? ಇಳಿದು ಬಂದ ದಿನ ಚೆನ್ನಾಗೇ ಇದ್ದೆ. ಎರಡು ದಿನ ಬಿಟ್ಟು ಮನೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡೀಬೇಕಾಯ್ತು. ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ನಿಂಬೆ ಪಾನಕ ಕುಡೀರಿ ಅಂತ ಜಿಮ್ ಹುಡುಗರು ಹೇಳ್ತಾರೆ. ನಿಜಾನಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಗಾಳಿಯ ವಿಷಯ ಮುಗಿಸಿಬಿಡೋಣ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹೆಚ್ಚು ಕಮ್ಮಿ ನೂರಕ್ಕೆ ಇಪ್ಪತ್ತರಷ್ಟು ಕಡಿಮೆ, ಆದ್ದರಿಂದ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟು ಕಡಿಮೆ. ಆದರೆ ನೀವು ಮಂಗಳೂರಿನಿಂದ ಬಂದವರಲ್ಲವಲ್ಲ. ನಮ್ಮ ಊರೇ ಸಾವಿರ ಮೀಟರಿಗಿಂತ ಮೇಲಿದೆ. ಊರಿಗೂ ತುದಿಗೂ ಲೆಕ್ಕ ಹಾಕಿದರೆ ವ್ಯತ್ಯಾಸ ನೂರಕ್ಕೆ ಹತ್ತರ ಸುತ್ತಮುತ್ತ. ಅದಕ್ಕಿಂತ ಮುಖ್ಯವಾಗಿ, ಬುಡದಲ್ಲಿ ದಮ್ಮು ಕಟ್ಟಿತು, ಮೇಲೆ ಹೋದ ಹಾಗೆ ಸರಿಹೋಯಿತು ಅಂತ ನೀವೇ ಬರೆದಿದ್ದೀರಿ. ಗಾಳಿಯದೇ ತಪ್ಪಾಗಿದ್ದರೆ ಉಲ್ಟಾ ಆಗಬೇಕಿತ್ತು, ಅಲ್ವಾ?

ಅಸಲಿ ಕಾರಣ ನಿಮ್ಮ ಮಾಂಸಖಂಡದ ಒಳಗಿದೆ.

ಮಾಂಸಖಂಡ ಅನ್ನವನ್ನಾಗಲಿ ಸಕ್ಕರೆಯನ್ನಾಗಲಿ ಕೊಬ್ಬನ್ನಾಗಲಿ ನೇರವಾಗಿ ಬಳಸುವುದಿಲ್ಲ. ಅದಕ್ಕೆ ಬೇಕಾದದ್ದು ಎಟಿಪಿ ಅನ್ನುವ ಒಂದೇ ಒಂದು ವಸ್ತು. ಮೂರು ಫಾಸ್ಫೇಟ್ ತುಣುಕುಗಳು ಸಾಲಾಗಿ ಅಂಟಿಕೊಂಡಿರುವ ಅಣು ಅದು. ಕೊನೆಯ ತುಣುಕು ಕಳಚಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸ್ನಾಯುವಿನ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಕಾಲು ಎದ್ದು ಮೆಟ್ಟಿಲ ಮೇಲೆ ಬೀಳುತ್ತದೆ. ತಮಾಷೆ ಏನೆಂದರೆ, ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ನೂರು ಗ್ರಾಮನ್ನೂ ಮುಟ್ಟುವುದಿಲ್ಲ. ಜೋರಾಗಿ ಓಡಿದರೆ ಎರಡು ಮೂರು ಸೆಕೆಂಡಿಗೆ ಮುಗಿಯುವಷ್ಟು. ಆದರೂ ಒಂದು ದಿನದಲ್ಲಿ ನಾವು ಬಳಸುವ ಎಟಿಪಿಯನ್ನೆಲ್ಲ ಕೂಡಿದರೆ ಹತ್ತಿರ ಹತ್ತಿರ ನಮ್ಮ ಮೈತೂಕದಷ್ಟಾಗುತ್ತದೆ. ಅಂದರೆ ಅದೇ ಅಣುವನ್ನು ಒಡೆಯುವುದು, ಮತ್ತೆ ಜೋಡಿಸುವುದು, ಮತ್ತೆ ಒಡೆಯುವುದು, ಇದು ನಿದ್ದೆಯಲ್ಲೂ ನಿಲ್ಲುವುದಿಲ್ಲ. ವ್ಯಾಯಾಮದ ಕಥೆ ಅಂದರೆ ಈ ಮರುಜೋಡಣೆ ಎಷ್ಟು ಬೇಗ ಆಗಬೇಕು ಅನ್ನುವ ಕಥೆ, ಅಷ್ಟೇ.

ಜೋಡಿಸುವ ದಾರಿಗಳು ಮೂರಿವೆ. ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ. ಮೊದಲು ಒಂದು, ಅದು ಖಾಲಿಯಾದ ಮೇಲೆ ಇನ್ನೊಂದು ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ, ಕೆಲವು ಪಾಠದ ಪುಸ್ತಕಗಳಲ್ಲಿ ಚಿತ್ರ ಬಿಡಿಸಿರುವುದೂ ಹಾಗೆಯೇ. ನಿಜವಾಗಿ ಬದಲಾಗುವುದು ಯಾವುದರ ಪಾಲು ಎಷ್ಟು ಅನ್ನುವುದು ಮಾತ್ರ, ಅದನ್ನು ತೀರ್ಮಾನ ಮಾಡುವುದು ನಿಮ್ಮ ವೇಗ.

ಎಲ್ಲಕ್ಕಿಂತ ಬೇಗ ಕೈಗೆ ಸಿಗುವುದು ಕ್ರಿಯಾಟಿನ್ ಫಾಸ್ಫೇಟ್. ಇದು ತನ್ನ ಫಾಸ್ಫೇಟನ್ನು ಕೊಟ್ಟು ಎಟಿಪಿಯನ್ನು ಕ್ಷಣದಲ್ಲಿ ರಿಪೇರಿ ಮಾಡುತ್ತದೆ, ಆಮ್ಲಜನಕದ ಹಂಗಿಲ್ಲ. ಪೂರ್ತಿ ಜೋರಿನಲ್ಲಿ ಹತ್ತು ಸೆಕೆಂಡಿನ ಆಸುಪಾಸು ಬರುತ್ತದೆ. ಇದನ್ನು 1927ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆಗ ಅವರು ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡುತ್ತಿದ್ದರು. 1929ರಲ್ಲಿ ಎಟಿಪಿಯನ್ನು ಬೇರ್ಪಡಿಸಿದವರಲ್ಲೂ ಈ ಇಬ್ಬರು ಇದ್ದಾರೆ, ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಬೇರೆಯಾಗಿ ಅದನ್ನೇ ಮಾಡಿದರು. ಸುಬ್ಬರಾವ್ ಹೆಸರು ನಮ್ಮ ಶಾಲೆ ಮಕ್ಕಳಿಗೆ ಗೊತ್ತಿಲ್ಲದಿರುವುದು ಬೇಜಾರಿನ ಸಂಗತಿ.

ಇದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕಾದರೆ ಕಾಫಿ ಕ್ಯೂರಿಂಗ್ ವರ್ಕ್ಸ್ ಹತ್ತಿರ ಲಾರಿಗೆ ಲೋಡ್ ಮಾಡುವ ಹಮಾಲಿಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಐವತ್ತು ಕೆಜಿ ಮೂಟೆ ಬೆನ್ನಿಗೆ ಬೀಳುತ್ತದೆ, ನಾಲ್ಕೈದು ಬಿರುಸಿನ ಹೆಜ್ಜೆ, ಹಲಗೆ ಹತ್ತಿ ಭುಜ ಓರೆ ಮಾಡಿ ಸಾಲಿಗೆ ಕೆಡವುತ್ತಾರೆ. ಎಲ್ಲ ಸೇರಿ ಹತ್ತು ಸೆಕೆಂಡು. ವಾಪಸ್ ಬರುವಾಗ ಮಾತ್ರ ಯಾವ ಆತುರವೂ ಇಲ್ಲ. ಟವೆಲ್ ಕೊಡವಿಕೊಂಡು, ಪಕ್ಕದವನಿಗೆ ಏನೋ ಅಂದುಕೊಂಡು, ನಿಧಾನಕ್ಕೆ ಬರುತ್ತಾರೆ. ಸೋಮಾರಿತನ ಅಂದುಕೊಂಡೀರಿ! ಖರ್ಚಾದ ಕ್ರಿಯಾಟಿನ್ ಫಾಸ್ಫೇಟ್ ಅರ್ಧದಷ್ಟು ತುಂಬಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು, ಪೂರ್ತಿಗೆ ಮೂರು ನಾಲ್ಕು ನಿಮಿಷ. ಆ ನಿಧಾನದ ನಡಿಗೆಯೇ ಮುಂದಿನ ಮೂಟೆಗೆ ಬಂಡವಾಳ. ಹೋಗುವಾಗಲೂ ಬರುವಾಗಲೂ ಓಡುವ ಹೊಸ ಹುಡುಗ ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದು ಕೂರುತ್ತಾನೆ.

ಎರಡನೆಯ ದಾರಿ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಅರ್ಧಂಬರ್ಧ ಒಡೆಯುವುದು. ನಾವು ತಿಂದ ಕಡುಬು, ಮುದ್ದೆ, ಅನ್ನದ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ ಸುಮಾರು 100 ಗ್ರಾಂ ಕೂತಿರುತ್ತದೆ. ಹೀಗೆ ಒಡೆದಾಗ ಒಂದು ಗ್ಲೂಕೋಸಿಗೆ ಸಿಗುವ ಎಟಿಪಿ ಎರಡೇ, ಗ್ಲೈಕೋಜೆನ್‌ನಿಂದ ಬಂದರೆ ಮೂರು. ಬಲು ನಷ್ಟದ ವ್ಯಾಪಾರ, ಆದರೆ ತುಂಬ ಬೇಗ ಆಗುತ್ತದೆ. ಕೊನೆಯಲ್ಲಿ ಉಳಿಯುವುದು ಲ್ಯಾಕ್ಟೇಟ್, ಜಿಮ್ ಹುಡುಗರು ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದನ್ನೇ.

ಮೂರನೆಯದು ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಪುಟ್ಟ ಅಂಗಗಳೊಳಗೆ, ಆಮ್ಲಜನಕ ಬಳಸಿ, ಸಕ್ಕರೆಯನ್ನೂ ಕೊಬ್ಬನ್ನೂ ಪೂರ್ತಿ ಉರಿಸುವುದು. ಅದೇ ಒಂದು ಗ್ಲೂಕೋಸಿಗೆ ಇಲ್ಲಿ ಸುಮಾರು ಮೂವತ್ತು ಎಟಿಪಿ. ಗಂಟೆಗಟ್ಟಲೆ ನಡೆಯಬಹುದು. ಕಷ್ಟ ಒಂದೇ, ಇದು ನಿಧಾನಕ್ಕೆ ಕಾವೇರುತ್ತದೆ. ಹೃದಯದ ಬಡಿತ ಏರಬೇಕು, ಕಾಲಿನ ರಕ್ತನಾಳ ಅಗಲವಾಗಬೇಕು, ಉಸಿರು ಆಳವಾಗಬೇಕು. ಇದಕ್ಕೆಲ್ಲ ಎರಡು ಮೂರು ನಿಮಿಷ ಹಿಡಿಯುತ್ತದೆ, ಅಭ್ಯಾಸವಿಲ್ಲದವರಿಗೆ ಇನ್ನೂ ಜಾಸ್ತಿ.

ಈಗ ನಿಮ್ಮ ಐದು ನಿಮಿಷಕ್ಕೆ ಬನ್ನಿ. ಕಾರಿನಿಂದ ಇಳಿದಿರಿ, ಮೈ ತಣ್ಣಗಿತ್ತು, ಮೊದಲ ಹೆಜ್ಜೆಯಿಂದಲೇ ಏರು, ಜೊತೆಯಲ್ಲಿ ಮಕ್ಕಳು ಮುಂದೆ ಓಡುತ್ತಿದ್ದಿರಬೇಕು. ಮೈದಾನದ ಸಮತಟ್ಟಿನ ನಡಿಗೆಗಿಂತ ಅಂಥ ಏರಿಗೆ ಎರಡು ಪಟ್ಟು ಶಕ್ತಿ ಬೇಕು. ಆಮ್ಲಜನಕದ ದಾರಿ ಇನ್ನೂ ಏಳುವುದರೊಳಗೆ ಕಾಲು ಲೆಕ್ಕ ಕೇಳಿತು. ಕೊರತೆಯನ್ನು ಮೊದಲಿನ ಎರಡು ದಾರಿಗಳು ತುಂಬಿದವು, ರಕ್ತದಲ್ಲಿ ಹುಳಿ, ಅಂದರೆ ಆಮ್ಲ, ಸ್ವಲ್ಪ ಏರಿತು, ಇಂಗಾಲದ ಡೈಆಕ್ಸೈಡ್ ಜಾಸ್ತಿ ತಯಾರಾಯಿತು. ಏದುಸಿರು ಬರಿಸುವುದು ಮುಖ್ಯವಾಗಿ ಇದೇ, ಆಮ್ಲಜನಕ ಸಾಲದೇ ಬರುವುದಲ್ಲ. ಆಮೇಲೆ ಹೃದಯ, ಶ್ವಾಸಕೋಶ ಎದ್ದು ಬಂದವು. ನಿಮಗೇ ಗೊತ್ತಿಲ್ಲದೆ ಹೆಜ್ಜೆಯೂ ನಿಧಾನವಾಯಿತು. ಬೇಡಿಕೆ ಪೂರೈಕೆ ಸರಿಹೋಯಿತು. ಮುಂದಿನ ಸಲ ಹತ್ತುವ ಮೊದಲು ಸಮತಟ್ಟಾದ ರಸ್ತೆಯಲ್ಲೇ ಹತ್ತು ನಿಮಿಷ ನಡೆದು, ಮೊದಲ ಏರನ್ನು ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನವಾಗಿ ಹತ್ತಿ. ಆ ದಮ್ಮು ಬರುವುದೇ ಇಲ್ಲ ಅನ್ನುವಷ್ಟು ಕಮ್ಮಿ ಆಗುತ್ತದೆ. ಆದರೆ ಎದೆ ಬಿಗಿದು ಹಿಡಿದುಕೊಂಡಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ಅಲ್ಲೇ ನಿಂತು ತಕ್ಷಣ ಆಸ್ಪತ್ರೆಗೆ ಹೋಗಿ. 44 ಆ ಎಚ್ಚರ ಬೇಕಾದ ವಯಸ್ಸೇ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು. ಎಪ್ಪತ್ತು ಕೆಜಿ ತೂಕದ ಮನುಷ್ಯ ಮುನ್ನೂರು ಮೀಟರ್ ಎತ್ತರಕ್ಕೆ ತನ್ನ ಮೈಯನ್ನು ಎತ್ತಿಕೊಂಡು ಹೋಗಲು ಬೇಕಾದ ಕೆಲಸ 50 ಕಿಲೋಕ್ಯಾಲೊರಿಯೂ ಇಲ್ಲ. ಆದರೆ ಮಾಂಸಖಂಡ ನೂರಕ್ಕೆ ಇಪ್ಪತ್ತು ಇಪ್ಪತ್ತೈದರಷ್ಟು ಶಕ್ತಿಯನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಹಾಗಾಗಿ ಖರ್ಚು 200ರ ಮೇಲೆ. ಹೆಚ್ಚು ಕಮ್ಮಿ ಐವತ್ತೈದು ಗ್ರಾಂ ಅಕ್ಕಿ ಹಿಟ್ಟು, ಅಂದರೆ ಒಂದು ಅಕ್ಕಿ ರೊಟ್ಟಿ. ಒಂದು ರೊಟ್ಟಿಗೆ ಅಷ್ಟು ಬೆಟ್ಟ! ಉಳಿದ ಮುಕ್ಕಾಲು ಭಾಗ ಶಾಖವಾಗಿ ಹೋಗುತ್ತದೆ. ಗಿರಿಯ ಆ ಕುಳಿರ್ಗಾಳಿಯಲ್ಲೂ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಅದಕ್ಕೇ.

ಇನ್ನು ಮೆಟ್ಟಿಲ ನೋವು. ಲ್ಯಾಕ್ಟಿಕ್ ಆಸಿಡ್ ಅಲ್ಲವೇ ಅಲ್ಲ. ಎಷ್ಟೇ ಜೋರಾಗಿ ಓಡಿದರೂ ರಕ್ತದ ಲ್ಯಾಕ್ಟೇಟ್ ಒಂದು ಗಂಟೆಯ ಆಸುಪಾಸಿನಲ್ಲಿ ಮಾಮೂಲಿಗೆ ಬಂದಿರುತ್ತದೆ. ನಿಮ್ಮ ನೋವು ಬಂದದ್ದು ಎರಡು ದಿನ ಬಿಟ್ಟು. ಹೊತ್ತೇ ತಾಳೆಯಾಗುವುದಿಲ್ಲ. ಇನ್ನೂ ಒಂದು ಮಾತು: ಈ ನೋವು ಹತ್ತಿದ್ದಕ್ಕಿಂತ ಇಳಿದದ್ದರಿಂದ ಬರುವುದೇ ಜಾಸ್ತಿ. ಇಳಿಯುವಾಗ ಶಕ್ತಿಯ ಖರ್ಚೂ ಕಮ್ಮಿ, ಲ್ಯಾಕ್ಟೇಟೂ ಕಮ್ಮಿ. ಹಾಗಿದ್ದೂ ಯಾಕೆ ನೋವು? ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಾ ಉದ್ದವಾಗಬೇಕು. ಎಳೆಯುತ್ತಿರುವಾಗಲೇ ಹಿಗ್ಗುವ ಈ ಕೆಲಸದಲ್ಲಿ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಜಖಂ ಆಗುತ್ತವೆ, ಮೈ ಅದನ್ನು ರಿಪೇರಿ ಮಾಡಲು ಹೊರಟಾಗ ಊತ, ನೋವು. ಒಂದರಿಂದ ಮೂರು ದಿನದೊಳಗೆ ಜೋರಾಗಿ, ತಾನಾಗೇ ಇಳಿಯುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಬಂದವರಿಗೂ ಆಗುವುದು ಇದೇ. ಕೆಲವೇ ವಾರದಲ್ಲಿ ಮತ್ತೊಮ್ಮೆ ಹೋಗಿ ಬನ್ನಿ, ನೋವು ಅರ್ಧವೂ ಇರುವುದಿಲ್ಲ. ನಿಂಬೆ ಪಾನಕ ಬಾಯಿಗೆ ರುಚಿ, ಕುಡಿಯಿರಿ, ತೊಡೆಗೆ ಅದರಿಂದ ಏನೂ ಆಗದು. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಮನೆಮದ್ದು ಬಿಟ್ಟು ವೈದ್ಯರನ್ನು ನೋಡಿ.

ಪ್ರಶ್ನೆ: ಸರ್, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, 400 ಮೀಟರ್ ಓಡುತ್ತಾಳೆ. ಮುನ್ನೂರು ಮೀಟರ್‌ವರೆಗೂ ಮುಂದಿರುತ್ತಾಳೆ, ಕೊನೆಗೆ ಕಾಲು ಕಲ್ಲಾಗುತ್ತೆ ಅಂತಾಳೆ. ಓಟಕ್ಕೆ ಐದು ನಿಮಿಷ ಮೊದಲು ಗ್ಲೂಕೋಸ್ ಪುಡಿ ಕೊಡುತ್ತಿದ್ದೇವೆ, ಪ್ರಯೋಜನ ಕಾಣಲಿಲ್ಲ. ಜಾಸ್ತಿ ಕೊಡಬೇಕಾ?
— ತಾಯಿಯೊಬ್ಬರು, ಹಾಸನ

ಉತ್ತರ: ಬೇಡಮ್ಮ, ಕೊಡುತ್ತಿರುವುದನ್ನೂ ನಿಲ್ಲಿಸಿ. ಅವಳ ಕಾಲಿನಲ್ಲಿ ಇಂಧನಕ್ಕೆ ಬರ ಇಲ್ಲ. ಒಂದೂ ಚಿಲ್ಲರೆ ನಿಮಿಷದ ಓಟಕ್ಕೆ ಬೇಕಾದ ಗ್ಲೈಕೋಜೆನ್ ಹಿಂದಿನ ರಾತ್ರಿಯ ಊಟದಲ್ಲೇ ಬಂದು ಕೂತಿದೆ, ಮುಗಿಸಬೇಕೆಂದರೂ ಆ ಒಂದು ಓಟದಲ್ಲಿ ಮುಗಿಯದು. ಐದು ನಿಮಿಷ ಮೊದಲು ಕುಡಿದದ್ದು ಓಟ ಮುಗಿಯುವ ಹೊತ್ತಿಗೆ ಹೊಟ್ಟೆಯಲ್ಲೇ ಇರುತ್ತದೆ. ಓಡಿ ಬಂದು ವಾಂತಿ ಮಾಡುವ ಮಕ್ಕಳ ಕೈಯಲ್ಲಿ ಈ ಗ್ಲೂಕೋಸ್ ಬಾಟಲಿ ನೋಡಿ ನೋಡಿ ನನಗೆ ಸಾಕಾಗಿದೆ.

ನಾನೂರು ಮೀಟರ್ ಓಟ ಕ್ರೂರ. ಕ್ರಿಯಾಟಿನ್ ಫಾಸ್ಫೇಟಿನ ದಮ್ಮು ಮೊದಲ ತಿರುವಿನಲ್ಲೇ ಕುಗ್ಗುತ್ತದೆ. ಆಮ್ಲಜನಕದ ದಾರಿ ಏಳುತ್ತಿರುತ್ತದೆ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿಯನ್ನು ಕೊಡುತ್ತದೆ ಕೂಡ, ಆದರೂ ಆ ವೇಗಕ್ಕೆ ಸಾಲದು. ದೊಡ್ಡ ಹೊರೆ ಬೀಳುವುದು ಸಕ್ಕರೆಯನ್ನು ಅರ್ಧಂಬರ್ಧ ಒಡೆಯುವ ದಾರಿಯ ಮೇಲೆ. ಆಗ ಸ್ನಾಯುವಿನೊಳಗೆ ಹುಳಿ ಏರುತ್ತದೆ, ಕಳಚಿದ ಫಾಸ್ಫೇಟ್ ಗುಡ್ಡೆ ಬೀಳುತ್ತದೆ, ಎಳೆಗಳ ಹಿಡಿತ ಸಡಿಲವಾಗುತ್ತದೆ. ಮನಸ್ಸು ಓಡು ಅಂದರೂ ಕಾಲು ಏಳುವುದಿಲ್ಲ. ಅವಳು ಕಲ್ಲು ಅನ್ನುತ್ತಿರುವುದು ಇದನ್ನೇ.

ಲ್ಯಾಕ್ಟೇಟಿಗೆ ಕೆಟ್ಟ ಹೆಸರು ಬಂದದ್ದು ಇಲ್ಲಿಂದ. ಕಪ್ಪೆಯ ಕಾಲಿನ ಸ್ನಾಯು ದಣಿದಾಗ ಲ್ಯಾಕ್ಟಿಕ್ ಆಸಿಡ್ ಸೇರಿಕೊಳ್ಳುತ್ತದೆ ಅಂತ ತೋರಿಸಿದ ಕಾಲದಲ್ಲಿ, ದಣಿವಿಗೆ ಅದೇ ಕಾರಣ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟರು. ಈ ವಿಷಯದಲ್ಲಿ ಕೆಲಸ ಮಾಡಿದ ಓಟೋ ಮೇಯರ್‌ಹಾಫ್, ಎ.ವಿ. ಹಿಲ್ ಇಬ್ಬರಿಗೂ 1922ರ ನೊಬೆಲ್ ಸಿಕ್ಕಿತು. ಈಗ ಗೊತ್ತಿರುವುದು ಬೇರೆ. ಲ್ಯಾಕ್ಟೇಟ್ ಸ್ವತಃ ಒಳ್ಳೆ ಇಂಧನ. ಪಕ್ಕದ ಸ್ನಾಯು ಅದನ್ನು ಉರಿಸುತ್ತದೆ, ಹೃದಯ ಇಷ್ಟಪಟ್ಟು ಉರಿಸುತ್ತದೆ, ಉಳಿದದ್ದನ್ನು ಲಿವರ್ ಮತ್ತೆ ಗ್ಲೂಕೋಸ್ ಮಾಡುತ್ತದೆ. ಈ ಕೊನೆಯದಕ್ಕೆ ಕೋರಿ ಚಕ್ರ ಅಂತ ಹೆಸರು, 1947ರಲ್ಲಿ ನೊಬೆಲ್ ಪಡೆದ ದಂಪತಿ ಗೆರ್ಟಿ ಮತ್ತು ಕಾರ್ಲ್ ಕೋರಿ ಅವರಿಂದ ಬಂದದ್ದು.

ಮಗಳಿಗೆ ಮಾಡಬೇಕಾದದ್ದು: ಮೊದಲ ಇನ್ನೂರು ಮೀಟರನ್ನು ಒಂದೆರಡು ಸೆಕೆಂಡು ನಿಧಾನ ಓಡಲು ಹೇಳಿ, ಮುನ್ನೂರರವರೆಗೆ ಮುಂದಿರುತ್ತಾಳೆ ಅಂದರೆ ಅಲ್ಲೇ ಜಾಸ್ತಿ ಖರ್ಚು ಮಾಡುತ್ತಿದ್ದಾಳೆ. ಇನ್ನೂರು, ಮುನ್ನೂರು ಮೀಟರ್ ಓಟಗಳನ್ನು ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡಿಸುವ ತರಬೇತಿ ವಾರಕ್ಕೆ ಎರಡು ಸಲ ಸಾಕು, ಹುಳಿ ತಡೆಯುವ ಶಕ್ತಿ ಸ್ನಾಯುವಿಗೆ ಬರುತ್ತದೆ. ಓಟಕ್ಕೆ ಮೂರು ಗಂಟೆ ಮೊದಲು ಇಡ್ಲಿಯೋ ಅನ್ನವೋ ಹಿತವಾಗಿ ತಿನ್ನಲಿ. ಓಟ ಮುಗಿದ ತಕ್ಷಣ ನೆಲಕ್ಕೆ ಬೀಳದೆ ಹತ್ತು ನಿಮಿಷ ಅಡ್ಡಾಡಲಿ, ಕೂತವರಿಗಿಂತ ಅಡ್ಡಾಡಿದವರ ಲ್ಯಾಕ್ಟೇಟ್ ಬೇಗ ಇಳಿಯುತ್ತದೆ. ಇದೆಲ್ಲದಕ್ಕಿಂತ ಮೊದಲು ಒಂದು ಸಲ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ತುಂಬ ಸಾಮಾನ್ಯ, ಕಬ್ಬಿಣ ಸಾಲದಿದ್ದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಮ್ಮಿಯಾಗುತ್ತದೆ.

ಪ್ರಶ್ನೆ: ಇಪ್ಪತ್ತು ನಿಮಿಷ ಆದಮೇಲೇ ಕೊಬ್ಬು ಕರಗೋಕೆ ಶುರುವಾಗುತ್ತಂತೆ, ಅದಕ್ಕಿಂತ ಕಮ್ಮಿ ನಡೆದರೆ ವೇಸ್ಟ್ ಅಂತೆ. ಬೆವರು ಬರಲಿ ಅಂತ ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡು ನಡೀತೀನಿ. ಸರಿನಾ?
— ಓದುಗರು, ಕಡೂರು

ಉತ್ತರ: ನೀವು ಸುಮ್ನೆ ಕೂತು ಇದನ್ನು ಓದುತ್ತಿರುವಾಗಲೂ ನಿಮ್ಮ ಮೈಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬಿನಿಂದಲೇ ಬರುತ್ತಿದೆ. ಇಪ್ಪತ್ತು ನಿಮಿಷಕ್ಕೆ ಯಾರೂ ಸ್ವಿಚ್ ಒತ್ತುವುದಿಲ್ಲ. ಹೊತ್ತು ಹೋದ ಹಾಗೆ ಕೊಬ್ಬಿನ ಪಾಲು ನಿಧಾನಕ್ಕೆ ಏರುತ್ತದೆ, ವೇಗ ಹೆಚ್ಚಿದ ಹಾಗೆ ಇಳಿಯುತ್ತದೆ. ಕೊಟ್ಟಿಗೆ ತುಂಬ ಸೌದೆ ಇದ್ದರೂ ಬಚ್ಚಲ ಒಲೆಯ ಬಾಯಿ ಚಿಕ್ಕದಿದ್ದ ಹಾಗೆ ಇದು. ಹತ್ತು ಕೆಜಿ ಕೊಬ್ಬು ಇರುವವರ ಹತ್ತಿರ ಎಪ್ಪತ್ತು ಸಾವಿರ ಕಿಲೋಕ್ಯಾಲೊರಿಗಿಂತ ಜಾಸ್ತಿ ದಾಸ್ತಾನಿದೆ, ಗ್ಲೈಕೋಜೆನ್ ಲೆಕ್ಕ ಎರಡು ಸಾವಿರದ ಸುತ್ತ. ಆದರೆ ಕೊಬ್ಬು ಅದರ ಗೂಡಿನಿಂದ ಹೊರಟು, ರಕ್ತದಲ್ಲಿ ಸಾಗಿ, ಮೈಟೋಕಾಂಡ್ರಿಯಾದೊಳಗೆ ಹೋಗಿ ಉರಿಯುವ ವೇಗಕ್ಕೆ ಮಿತಿ ಇದೆ. ಜೋರಾಗಿ ಓಡಿದಾಗ ಮೈ ಸಕ್ಕರೆಗೆ ಕೈ ಹಾಕುವುದು ಅದಕ್ಕೆ.

ಹಾಗಂತ ನಿಧಾನ ನಡೆದರೇ ಕೊಬ್ಬು ಕರಗುವುದು ಅಂತ ಟ್ರೆಡ್‌ಮಿಲ್ ಮೇಲೆ ಬರೆದಿರುವುದನ್ನು ನಂಬಿ ಕೂರಬೇಡಿ. ನಿಧಾನದಲ್ಲಿ ಕೊಬ್ಬಿನ ಪಾಲು ದೊಡ್ಡದು, ಒಟ್ಟು ಖರ್ಚೇ ಚಿಕ್ಕದು. ತೂಕ ಇಳಿಯುವುದು ದಿನದ, ವಾರದ ಒಟ್ಟು ಲೆಕ್ಕದ ಮೇಲೆ. ಮುಕ್ಕಾಲು ಗಂಟೆಯ ನಡಿಗೆಗೆ ಸುಮಾರು 200 ಕಿಲೋಕ್ಯಾಲೊರಿ, ಮೈಯ ಒಂದು ಕೆಜಿ ಕೊಬ್ಬಿಗೆ ಸುಮಾರು 7,700. ಊಟ ಹಾಗೇ ಇದ್ದರೆ ಒಂದು ಕೆಜಿಗೆ ತಿಂಗಳ ಮೇಲೆ ಬೇಕು. ನಡೆದು ಬಂದು ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಅಂದರೆ ಲೆಕ್ಕ ನೀವೇ ಹಾಕಿ.

ಬೆಲ್ಟ್ ಬಿಚ್ಚಿ. ಬೆವರಿನಲ್ಲಿ ಹೋಗುವುದು ನೀರು, ಉಪ್ಪು. ಕೊಬ್ಬು ಹೋಗುವುದು ಮೂಗಿನಿಂದ! ಹತ್ತು ಕೆಜಿ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೊರಟು ಹೋಗುತ್ತದೆ, 1.6 ಕೆಜಿ ನೀರಾಗುತ್ತದೆ. ಹಾಗಾದರೆ ಕೂತಲ್ಲೇ ಬುಸ್ ಬುಸ್ ಉಸಿರಾಡಿದರೆ ಆಯಿತಲ್ಲ ಅನ್ನಬೇಡಿ, ಉರಿಸದೆ ಊದಿದರೆ ತಲೆ ತಿರುಗುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮ ಯಜಮಾನರಿಗೆ ಶುಗರ್ ಇದೆ, ಗ್ಲಿಮಿಪಿರೈಡ್ ಮಾತ್ರೆ ತಗೊಳ್ತಾರೆ. ತೋಟದಲ್ಲಿ ಓಡಾಡಿ ಬರುವಾಗ ಎರಡು ಸಲ ಕೈ ನಡುಗಿ ಬೆವೆತು ಕೂತುಬಿಟ್ಟರು. ನಡಿಗೆ ಒಳ್ಳೇದು ಅಂತಾರಲ್ಲ?
— ಓದುಗರು, ಸಕಲೇಶಪುರ

ಉತ್ತರ: ಒಳ್ಳೆಯದೇ, ಬಿಡುವುದು ಬೇಡ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಶುಗರ್ ಇರುವವರಿಗೆ ನಡಿಗೆಯಿಂದ ಆಗುವ ದೊಡ್ಡ ಉಪಕಾರ ಅದು. ಆದರೆ ಈ ಮಾತ್ರೆ ಇನ್ಸುಲಿನ್ ಹೆಚ್ಚಿಸುತ್ತದೆ, ಅದೂ ಎಳೆಯುತ್ತದೆ, ಇದೂ ಎಳೆಯುತ್ತದೆ, ಜೊತೆಗೆ ಖಾಲಿ ಹೊಟ್ಟೆ. ನೀವು ಬರೆದ ಲಕ್ಷಣ ನೋಡಿದರೆ ಶುಗರ್ ಇಳಿದಿರುವ ಹಾಗೇ ಕಾಣುತ್ತದೆ. ಮತ್ತೆ ಹಾಗಾದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೋಗುವಾಗ ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲಿ, ನಡಿಗೆ ತಿಂಡಿ ಆದ ಮೇಲೆ ಇಟ್ಟುಕೊಳ್ಳಲಿ. ಮಾತ್ರೆಯ ಪ್ರಮಾಣ ಬದಲಿಸುವ ಮಾತು ಮಾತ್ರ ನಿಮ್ಮ ವೈದ್ಯರದ್ದು, ಈ ವಾರವೇ ಹೋಗಿ ಈ ಎರಡೂ ಸಲದ ವಿಷಯ ಹೇಳಿ.

ಪ್ರಶ್ನೆ: ಓಡೋಕೆ ಮೊದಲು ಕಾಫಿ ಕುಡಿದರೆ ಶಕ್ತಿ ಬರುತ್ತಾ?
— ಓದುಗರು, ಮೂಡಿಗೆರೆ

ಉತ್ತರ: ಮೂಡಿಗೆರೆಯವರು ಕೇಳುವ ಪ್ರಶ್ನೆಯಾ ಇದು! ಹಾಲು ಸಕ್ಕರೆ ಇಲ್ಲದ ಕಾಫಿಯಲ್ಲಿ ಶಕ್ತಿ ಇಲ್ಲವೆನ್ನುವಷ್ಟು ಕಮ್ಮಿ. ಕೆಫೀನ್ ಎಟಿಪಿ ತಯಾರಿಸುವುದಿಲ್ಲ, ಮಿದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಅದೇ ಓಟ ಸ್ವಲ್ಪ ಹಗುರ ಅನ್ನಿಸುತ್ತದೆ, ಹೆಚ್ಚು ಹೊತ್ತು ಓಡಬಹುದು. ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲು ಕುಡಿಯಿರಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚು ಕಮ್ಮಿ ಎರಡು ಪಟ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಒಂದು ಚೂರೂ ಇಲ್ಲ, ಹಾಗಾಗಿ ಚಿಕೋರಿ ಜಾಸ್ತಿ ಬೆರೆಸಿದ ಪುಡಿಯಲ್ಲಿ ಬಣ್ಣ ಬಂದಷ್ಟು ಚುರುಕು ಬರುವುದಿಲ್ಲ. ಕುಡಿದ ಕೆಫೀನ್ ಅರ್ಧ ಇಳಿಯಲು ಐದು ಗಂಟೆ ಹಿಡಿಯುತ್ತದೆ, ಸಂಜೆ ಓಡುವವರಾದರೆ ಕುಡಿಯದಿರುವುದೇ ವಾಸಿ.